‘2022ರ ಬ್ಯಾಚಿಗೆ ಹಾಕ್ತೀವಿ’ ಅಂದರಂತೆ

ನಾನು ಆಪ್ತಸಲಹೆಗಾರ್ತಿ. ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅಂತ ನನ್ನ ಹತ್ತಿರ ಬರುತ್ತಾರೆ. ಎರಡನೇ ಭೇಟಿಗೋ ಮೂರನೇ ಭೇಟಿಗೋ ಮೆಲ್ಲಗೆ ಫೋನ್ ತೆಗೆದು, ‘ಈ ಯೂನಿವರ್ಸಿಟಿ ನಿಜಾನಾ ನೋಡಿ ಮೇಡಂ’ ಅನ್ನುತ್ತಾರೆ. ಅಷ್ಟರಲ್ಲಿ ದುಡ್ಡು ಕಟ್ಟಿ ಆಗಿರುತ್ತದೆ. ಇಂಥ ಕೇಸುಗಳು ನನಗೆ ಹೊಸದಲ್ಲ. ಈ ಒಂದನ್ನು ಬರೆಯುತ್ತಿರುವುದು ಇದರಲ್ಲಿ ನಾನೂ ಎಡವಿದ್ದಕ್ಕೆ. ಗುರುತು ಸಿಗದಂತೆ ಊರು, ವಯಸ್ಸು, ಮೊತ್ತ ಬದಲಿಸಿದ್ದೇನೆ.

ಆಕೆಗೆ ಮೂವತ್ತು ದಾಟಿತ್ತು. ಪಿಯುಸಿ ಮುಗಿಸಿ ಮದುವೆ, ಇಬ್ಬರು ಮಕ್ಕಳು, ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ. ಡಿಗ್ರಿ ಇದ್ದರೆ ಸಂಬಳ ಏರುತ್ತದೆ ಅಂತ ಆಡಳಿತ ಮಂಡಳಿ ಹೇಳಿತ್ತು. ಒಬ್ಬ ಏಜೆಂಟ್ ‘ಆನ್‌ಲೈನ್ ಬಿ.ಎ., ಒಂದೇ ವರ್ಷ’ ಅಂದ. ಚೀಟಿ ಎತ್ತಿ 35 ಸಾವಿರ ಕಟ್ಟಿದರು. ಗಂಡನಿಗೆ ಹೇಳಿರಲಿಲ್ಲ.

ಅವತ್ತು ನಾನು ಮಾಡಿದ್ದು ಇಷ್ಟೇ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಹುಡುಕಿದೆ. ಇತ್ತು. ‘ಹೆಸರು ಇದೆಯಲ್ಲ, ಸಮಾಧಾನ ಮಾಡ್ಕೊಳ್ಳಿ’ ಅಂದುಬಿಟ್ಟೆ. ಒಂದು ವರ್ಷದ ಮಾತು ಆಗಲೇ ಕಿವಿಗೆ ಬಿದ್ದಿತ್ತು. ಅದನ್ನು ಹಿಡಿಯಲಿಲ್ಲ.

ಮುಂದಿನ ವಾರ ಆಕೆ ಇನ್ನೂ ಸೊರಗಿ ಬಂದರು. ಎರಡನೇ ಕಂತು ಕೇಳುತ್ತಿದ್ದಾರೆ ಅಂದರು. ಪರೀಕ್ಷೆ ಯಾವಾಗ ಅಂತ ಕೇಳಿದೆ. ‘ಅದೆಲ್ಲ ನಾವು ನೋಡ್ಕೋತೀವಿ ಅಂದ್ರು. ನನ್ನನ್ನ 2022ರ ಬ್ಯಾಚಿಗೆ ಹಾಕ್ತಾರಂತೆ, 2025ಕ್ಕೆ ಮುಗಿದ ಹಾಗೆ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘2022ರಲ್ಲಿ ನಾನು ಬಾಣಂತಿ ಮೇಡಂ. ತವರಲ್ಲಿ ಮಲಗಿದ್ದೆ. ನಾಳೆ ಯಾರಾದ್ರೂ ಕೇಳಿದ್ರೆ ಆಗ ಓದ್ತಿದ್ದೆ ಅಂತ ಹೇಗೆ ಹೇಳ್ಲಿ?’

ಆಕೆಯ ನಿದ್ದೆ ಕೆಡಿಸಿದ್ದು 35 ಸಾವಿರ ಅಂದುಕೊಂಡಿದ್ದೆ. ಅಲ್ಲ. ಹಾಲು ಕುಡಿಸಿದ ತಿಂಗಳುಗಳನ್ನು ಕಾಗದದ ಮೇಲೆ ಬೇರೆ ಯಾರೋ ಬದುಕಿದ ಹಾಗೆ ಮಾಡುವುದು ಆಕೆಗೆ ಒಗ್ಗುತ್ತಿರಲಿಲ್ಲ.

ಇಬ್ಬರೂ ಕೂತು ಮತ್ತೆ ನೋಡಿದೆವು. ಈ ಸಲ ಯುಜಿಸಿಯ ದೂರಶಿಕ್ಷಣ ವಿಭಾಗ, ಅಂದರೆ ಡಿಇಬಿಯ ಪಟ್ಟಿ. ವಿಶ್ವವಿದ್ಯಾಲಯ ಅಲ್ಲೂ ಇತ್ತು, ಆದರೆ ಆನ್‌ಲೈನಿನಲ್ಲಿ ಅದಕ್ಕೆ ಒಪ್ಪಿಗೆ ಇದ್ದದ್ದು ಬೇರೆ ಕೋರ್ಸುಗಳಿಗೆ. ಬಿ.ಎ. ಇರಲಿಲ್ಲ. ಜನ ಮೋಸ ಹೋಗುವುದು ಇಲ್ಲೇ. ಹೆಸರು ಅಸಲಿ, ಪ್ರವೇಶ ನಕಲಿ. ವಿವಿ, ಕೋರ್ಸು, ಆನ್‌ಲೈನೋ ದೂರಶಿಕ್ಷಣವೋ, ಯಾವ ವರ್ಷದ ಪ್ರವೇಶ, ಈ ನಾಲ್ಕೂ ಒಂದೇ ಸಾಲಿನಲ್ಲಿ ಕೂಡಬೇಕು. 2024ರ ಸೆಪ್ಟೆಂಬರ್ ಪ್ರವೇಶದಿಂದ ವಿದ್ಯಾರ್ಥಿಯೇ ಡಿಇಬಿ ಐಡಿ, ಅಂದರೆ ಆ ವಿಭಾಗದ ಗುರುತಿನ ಸಂಖ್ಯೆ ಮಾಡಿಕೊಳ್ಳುವುದು ಕಡ್ಡಾಯ. ಅದಕ್ಕಿಂತ ಹಳೆಯ ಬ್ಯಾಚಿಗೆ ಅದು ಬೇಕಿಲ್ಲ. ಏಜೆಂಟ್ ಹಳೆಯ ಬ್ಯಾಚು ಯಾಕೆ ಹುಡುಕಿದ ಅಂತ ಈಗ ಗೊತ್ತಾಯಿತಲ್ವಾ?

ಆನ್‌ಲೈನ್ ಅಂದರೆಲ್ಲ ಬೋಗಸ್ ಅಂತ ನಾನು ಹೇಳುವುದಿಲ್ಲ. ಒಪ್ಪಿಗೆ ಇರುವ ಆನ್‌ಲೈನ್ ಡಿಗ್ರಿ ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಅಂತ ಯುಜಿಸಿಯೇ 2022ರಲ್ಲಿ ಸ್ಪಷ್ಟ ಮಾಡಿದೆ. ಆದರೆ ಮೂರು ವರ್ಷದ ಬಿ.ಎ. ಆನ್‌ಲೈನಿನಲ್ಲೂ ಮೂರು ವರ್ಷವೇ. ಇನ್ನು ಆನ್‌ಲೈನಿನಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಕಾನೂನು ಡಿಗ್ರಿ ಕೊಡ್ತೀವಿ ಅಂದವರ ಜೊತೆ ಮಾತೇ ಬೇಡ.

ನಾನು ನೇರವಾಗಿ ಹೇಳಿದೆ: ಇನ್ನೊಂದು ರೂಪಾಯಿ ಕಟ್ಟಬೇಡಿ. ಏಜೆಂಟ್ ಕೊಟ್ಟ ನೋಂದಣಿ ಸಂಖ್ಯೆ ಹಾಕಿ ಆ ವಿವಿಯ ರಿಜಿಸ್ಟ್ರಾರ್‌ಗೆ ಇಮೇಲ್ ಮಾಡಿ. ದುಡ್ಡು ಹೋದದ್ದು ಯಾರದೋ ಯುಪಿಐಗೆ, ಹಾಗಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಗಂಡನಿಗೆ ಹೇಳಿ. ಆಪ್ತಸಲಹೆಗಾರರು ಹೀಗೆ ಅಪ್ಪಣೆ ಕೊಡಬಾರದು, ದಾರಿ ಅವರೇ ಕಂಡುಕೊಳ್ಳಬೇಕು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಆ ಅಂಕಪಟ್ಟಿ ಕೈಗೆ ಬಂದು, ಆಕೆ ಅದನ್ನು ಶಾಲೆಗೆ ಕೊಟ್ಟ ದಿನ ಮೋಸ ಹೋದವಳು ಮೋಸ ಮಾಡಿದವಳಾಗುತ್ತಾಳೆ. ಅದು ಗೊತ್ತಿದ್ದೂ ‘ನಿಮಗೇನನಿಸುತ್ತೆ?’ ಅಂತ ಕೇಳುತ್ತಾ ಕೂರಲು ನನ್ನಿಂದ ಆಗಲ್ಲ.

ಓದುವ ಆಸೆ ಇದೆಯಾ ಅಂದೆ. ಇದೆ ಅಂದರು. ಮೈಸೂರಿನ ಮುಕ್ತ ವಿವಿ ಅಥವಾ ಇಂದಿರಾ ಗಾಂಧಿ ಮುಕ್ತ ವಿವಿ, ಅಂದರೆ ಇಗ್ನೋ ನೋಡಿ ಅಂದೆ. ‘ಮೈಸೂರಿನದು ರದ್ದಾಗಿತ್ತಲ್ವಾ? ನಮ್ಮ ನಾದಿನಿ ಅಳ್ತಿದ್ದಳು’ ಅಂದರು. ಒಳ್ಳೆಯ ಪ್ರಶ್ನೆ. 2013-14ರಿಂದ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಮಾನ್ಯತೆ ಬರುತ್ತೆ, ಹೋಗುತ್ತೆ. ನಿಮ್ಮ ವರ್ಷಕ್ಕೆ, ನಿಮ್ಮ ಕೋರ್ಸಿಗೆ ಇದೆಯಾ ಅಂತ ನೀವೇ ನೋಡಿ ಸೇರಿ, ನನ್ನ ಮಾತನ್ನೂ ನಂಬಬೇಡಿ ಅಂದೆ. ಹಾಗೆ ಹೇಳುವಾಗ ಹಿಂದಿನ ವಾರದ ನನ್ನ ‘ಹೆಸರು ಇದೆಯಲ್ಲ’ ನೆನಪಾಗಿ ನಾಚಿಕೆಯಾಯಿತು. ಅದಕ್ಕೆ ಕ್ಷಮೆಯನ್ನೂ ಕೇಳಿದೆ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ರಿಜಿಸ್ಟ್ರಾರ್ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು, ಆ ನೋಂದಣಿ ಸಂಖ್ಯೆ ತಮ್ಮದಲ್ಲ ಅಂತ. ಆಕೆ ಅದನ್ನು ಪ್ರಿಂಟ್ ತೆಗೆಸಿ ಗಂಡನ ಮುಂದಿಟ್ಟರಂತೆ. ಅವರೇನಂದರು ಅಂತ ಕೇಳಿದೆ.

‘ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮೈಸೂರಿನದಕ್ಕೆ ಫೀಸ್ ಎಷ್ಟು ಅಂದ್ರು.’