ದೋಣಿ ಟ್ರೈಲರ್ ಮೇಲೆ ಜಾರಿತು: ಬೆಲ್ಟ್ ಯಾವುದು, ಕೊಕ್ಕೆ ಎಲ್ಲಿ?

ಪ್ರಶ್ನೆ: ತುಮರಿ ಕಡೆ ಶರಾವತಿ ಹಿನ್ನೀರಿನ ದಡದಲ್ಲಿ ನಮ್ಮ ತೋಟ. ಮಲ್ಪೆಯಿಂದ 16 ಅಡಿಯ ಹಳೇ ಫೈಬರ್ ದೋಣಿ ಕೊಂಡು, ಊರಿನ ಗ್ಯಾರೇಜಿನಲ್ಲಿ ಮಾಡಿಸಿದ ಟ್ರೈಲರ್‌ಗೆ ಹಾಕಿ ಬೊಲೆರೊ ಹಿಂದೆ ಕಟ್ಟಿ ತಂದೆ. ಇಂಜಿನ್ ಸೇರಿ ಸುಮಾರು 400 ಕೆ.ಜಿ. ಮೂತಿಗೆ ವಿಂಚ್ (ದೋಣಿ ಎಳೆಯುವ ರಾಟೆ), ನಡುವೆ ಎರಡು ಕಡೆ ಪ್ಲಾಸ್ಟಿಕ್ ಹಗ್ಗ. ಕೊಲ್ಲೂರು ದಾಟಿ ನಾಗೋಡಿ ಘಾಟಿ ಹತ್ತಿ ನಿಲ್ಲಿಸಿ ನೋಡಿದರೆ ದೋಣಿ ಒಂದು ಗೇಣು ಹಿಂದೆ ಸರಿದಿತ್ತು. ಹಗ್ಗ ಹಾದ ಕಡೆ ಅಂಚಿನ ಬಣ್ಣ ಉಜ್ಜಿಹೋಗಿತ್ತು. ರಿಪೇರಿಗೆ ಇನ್ನೊಮ್ಮೆ ಕೆಳಗೆ ಒಯ್ಯಬೇಕು. ಎಂಥ ಬೆಲ್ಟ್ ತರಲಿ, ಎಷ್ಟು ತರಲಿ, ಎಲ್ಲಿ ಕಟ್ಟಲಿ?

ಉತ್ತರ: ಒಂದೇ ಗೇಣು ಸರಿದದ್ದು ನಿಮ್ಮ ಪುಣ್ಯ. ಹಿಂದೆ ಇಂಜಿನ್ ತೂಗುತ್ತಿರುವ ದೋಣಿ ಇನ್ನೂ ಸರಿದಿದ್ದರೆ ಭಾರವೆಲ್ಲ ಅಚ್ಚಿನ ಹಿಂದಕ್ಕೆ ಬೀಳುತ್ತಿತ್ತು. ಆಗ ಟ್ರೈಲರಿನ ಮೂಕಿ ಮೇಲಕ್ಕೆದ್ದು ಬೊಲೆರೊದ ಹಿಂಭಾಗವನ್ನೇ ಎತ್ತುತ್ತದೆ. ಹಿಂಭಾರವಾದ ಎತ್ತಿನಗಾಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ಅಂಥ ಟ್ರೈಲರ್ ಬಾಲ ಆಡಿಸಲು ಶುರುಮಾಡಿದರೆ ಸ್ಟೇರಿಂಗ್ ನಿಮ್ಮ ಮಾತು ಕೇಳುವುದಿಲ್ಲ.

ನೀವು ಹಗ್ಗವನ್ನು ಬೈಯುತ್ತಿದ್ದೀರಿ. ನನಗೆ ಮೊದಲ ಅನುಮಾನ ವಿಂಚ್ ಮೇಲೆ. ವಿಂಚ್ ಇರುವುದು ದೋಣಿಯನ್ನು ನೀರಿನಿಂದ ಎಳೆದುಕೊಳ್ಳಲು, ದಾರಿಯುದ್ದಕ್ಕೂ ಹಿಡಿದುಕೊಳ್ಳಲು ಅಲ್ಲ. ಅದರ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡಿರುವ ಪುಟ್ಟ ನಾಲಿಗೆ ಒಂದು ದೊಡ್ಡ ಗುಂಡಿಗೆ ಹಾರಿದರೆ ಮುಗಿಯಿತು. ಹಾಗಾಗಿ ಮೂತಿಯ ಉಂಗುರದಿಂದ ಟ್ರೈಲರ್ ಚೌಕಟ್ಟಿಗೆ ಬೇರೆಯೇ ಒಂದು ಗಟ್ಟಿ ಸರಪಳಿ ಹಾಕಿ. ವಿಂಚಿನ ಕಂಬಕ್ಕೇ ಸುತ್ತಬೇಡಿ, ಕಂಬ ಕಿತ್ತರೆ ಸರಪಳಿಯೂ ಅದರ ಜೊತೆಗೇ ಹೋಗುತ್ತದೆ.

ಇನ್ನು ನಡುವಿನ ಹಗ್ಗಗಳು. ಅವು ನೇರ ಕೆಳಕ್ಕೆ ಇಳಿದಿದ್ದರೆ ದೋಣಿ ಮೇಲಕ್ಕೆ ಹಾರುವುದನ್ನು ತಡೆಯುತ್ತವೆ, ಹಿಂದೆ ಮುಂದೆ ಜಾರುವುದನ್ನು ತಡೆಯುವುದು ತೀರಾ ಕಡಿಮೆ. ಲೋಡು ಕಟ್ಟುವುದರ ಬಗ್ಗೆ ಯುರೋಪು, ಅಮೆರಿಕದ ನಿಯಮಗಳು ಒಂದೇ ಲೆಕ್ಕ ಇಟ್ಟುಕೊಂಡಿವೆ: ಬ್ರೇಕ್ ಹಾಕಿದಾಗ ಮುಂದಕ್ಕೆ ಸರಕಿನ ತೂಕದ 0.8 ಪಾಲು, ಹಿಂದಕ್ಕೆ ಮತ್ತು ಪಕ್ಕಕ್ಕೆ ಅರ್ಧ ಪಾಲು ಬಲ ತಡೆಯಬೇಕು. ನಿಮ್ಮ ದೋಣಿಗೆ ಅದು ಮುಂದಕ್ಕೆ 320, ಹಿಂದಕ್ಕೆ 200 ಕೆ.ಜಿ. ದೊಡ್ಡ ಬಲವೇನಲ್ಲ. ಆದರೆ ಬೆಲ್ಟ್ ಓರೆಯಾಗಿದ್ದರೆ ಮಾತ್ರ ಅದು ಈ ಕೆಲಸಕ್ಕೆ ಬರುತ್ತದೆ. 45 ಡಿಗ್ರಿ ಓರೆಯಲ್ಲಿ ಎಳೆದರೆ ಅದರ ಶಕ್ತಿಯ ನೂರಕ್ಕೆ 70ರಷ್ಟು ಜಾರಿಕೆಯ ವಿರುದ್ಧ ನಿಲ್ಲುತ್ತದೆ.

ಆದ್ದರಿಂದ ಮೂರು ಬೆಲ್ಟ್ ಸಾಕು. ಮೂತಿಯ ಉಂಗುರದಿಂದ ಮುಂದಕ್ಕೆ, ಕೆಳಕ್ಕೆ, ಮೂಕಿಯ ಕಡೆಗೆ ಒಂದು. ಹತ್ತುವಾಗ ದೋಣಿಯನ್ನು ಹಿಡಿಯುವುದು ಇದು. ಹಿಂಬದಿಯ ಹಲಗೆಯ ಎರಡೂ ಮೂಲೆಯ ಕಬ್ಬಿಣದ ಕಣ್ಣುಗಳಿಂದ ಟ್ರೈಲರಿನ ಹಿಂದಿನ ಅಡ್ಡಪಟ್ಟಿಗೆ, ಕೆಳಕ್ಕೂ ಹಿಂದಕ್ಕೂ ಓರೆಯಾಗಿ ಎರಡು. ಬ್ರೇಕ್ ಹಾಕಿದಾಗ ಇವು ಹಿಡಿಯುತ್ತವೆ, ಮೂತಿ ಒರಗುವ ರಬ್ಬರ್ ದಿಮ್ಮಿಯೂ ಪಾಲು ಹೊರುತ್ತದೆ. ಹಲಗೆಯಲ್ಲಿ ಕಣ್ಣುಗಳು ಇಲ್ಲದಿದ್ದರೆ ಹಾಕಿಸಿ. ಸ್ಟೇನ್‌ಲೆಸ್ ಯು-ಬೋಲ್ಟ್ ಇರಲಿ, ಒಳಗಡೆ ಅಂಗೈಯಗಲದ ಪ್ಲೇಟ್ ಕೊಟ್ಟು ಬಿಗಿಸಲಿ. ಬರೀ ವಾಷರ್ ಹಾಕಿ ಬಿಗಿಸಿದರೆ ಫೈಬರ್ ಹರಿದುಕೊಂಡು ಬರುತ್ತದೆ. ತೂತಿನ ಸುತ್ತ ಸೀಲಂಟ್ ಹಚ್ಚಲು ಹೇಳಿ. ಒಳಗಿನ ಮರಕ್ಕೆ ನೀರಿಳಿದರೆ ಹಲಗೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ನಡುವೆ ಅಡ್ಡ ಬೆಲ್ಟ್ ಹಾಕಲೇಬೇಕೆಂದಿದ್ದರೆ ಹಾಕಿ, ಆದರೆ ಅದನ್ನು ಬಿಗಿದು ಬಿಗಿದು ದೋಣಿಯ ಸೊಂಟ ಹಿಸುಕಬೇಡಿ. ಫೈಬರ್ ದೋಣಿಯ ಅಂಚು ತೆಳು, ಮೇಲ್ಪದರ ಕೂದಲೆಳೆಯಷ್ಟು ಬಿರುಕುಬಿಟ್ಟರೂ ನೀರು ಒಳಗೆ ಸೇರುತ್ತದೆ. ಬೆಲ್ಟ್ ಅಂಚಿನ ಮೇಲೆ ಹಾದುಹೋಗುವ ಕಡೆ ಹಳೇ ಸೈಕಲ್ ಟೈರಿನ ತುಂಡು ಇಡಿ. ಅಂಗಡಿಯ ಪ್ಯಾಡಿಗಿಂತ ಅದು ನನಗೆ ಇಷ್ಟ.

ಬೆಲ್ಟ್ ಕೊಳ್ಳುವಾಗ ಬಣ್ಣ ನೋಡಬೇಡಿ, ಚೀಟಿ ನೋಡಿ. ಯುರೋಪಿನ ಮಾನದಂಡದ ಬೆಲ್ಟಿನಲ್ಲಿ ಪಾಲಿಯೆಸ್ಟರ್‌ಗೆ ನೀಲಿ ಚೀಟಿ, ನೈಲಾನ್‌ಗೆ ಹಸಿರು, ಪಾಲಿಪ್ರೊಪಿಲೀನ್‌ಗೆ ಕಂದು. ನಿಮಗೆ ಬೇಕಾದ್ದು ಪಾಲಿಯೆಸ್ಟರ್. ನೈಲಾನ್ ಹೆಚ್ಚು ಜಗ್ಗುತ್ತದೆ, ನೆನೆದರೆ ಇನ್ನಷ್ಟು. ಮಲೆನಾಡಿನ ಮಳೆಯಲ್ಲಿ ಹೊರಡುವಾಗ ಬಿಗಿಯಾಗಿದ್ದದ್ದು ಕೊಲ್ಲೂರಿಗೆ ಬರುವಷ್ಟರಲ್ಲಿ ಸಡಿಲಾಗಿರುತ್ತದೆ. ನಿಮ್ಮ ಪ್ಲಾಸ್ಟಿಕ್ ಹಗ್ಗ ಬಹುಶಃ ಮೂರನೆಯ ಜಾತಿಯದು, ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಅಂಗಡಿಯವರು ‘5 ಟನ್ ಬೆಲ್ಟ್’ ಎಂದರೆ ಅದು ಹರಿದುಹೋಗುವ ಭಾರವೋ ಕೆಲಸಕ್ಕೆ ಕೊಡಬಹುದಾದ ಭಾರವೋ ಎಂದು ಕೇಳಿ. ಅಮೆರಿಕದ ಲೆಕ್ಕದಲ್ಲಿ ಎರಡನೆಯದು ಮೊದಲನೆಯದರ ಮೂರನೇ ಒಂದು ಪಾಲು ಮಾತ್ರ. ಚೀಟಿಯಲ್ಲಿ ‘ಎಲ್‌ಸಿ’ (ಕೆಲಸಕ್ಕೆ ಕೊಡಬಹುದಾದ ಭಾರ) ಮುಂದೆ ‘ಡಿಎಎನ್’ (ಡೆಕಾನ್ಯೂಟನ್, ಬಲದ ಅಳತೆ) ಎಂದು ಸಂಖ್ಯೆ ಇದ್ದರೆ ಅದನ್ನು ಹೆಚ್ಚುಕಡಿಮೆ ಕೆ.ಜಿ. ಎಂದೇ ಓದಿಕೊಳ್ಳಿ. ಪ್ರತಿ ಬೆಲ್ಟ್ 500 ಕೆ.ಜಿ. ಕೆಲಸದ ಭಾರ ತಡೆದರೆ ನಿಮಗೆ ಧಾರಾಳವಾಯಿತು. ಚೀಟಿಯೇ ಇಲ್ಲದ ಬೆಲ್ಟ್ ಸೋವಿಗೆ ಸಿಕ್ಕಿತೆಂದು ತರಬೇಡಿ.

ಬೆಲ್ಟಿಗಿಂತ ಕೊಕ್ಕೆಯ ಬಗ್ಗೆ ನನಗೆ ಹೆಚ್ಚು ಚಿಂತೆ. ಬಾಯಿ ತೆರೆದ ಎಸ್ ಆಕಾರದ ಕೊಕ್ಕೆ ಗುಂಡಿಯಲ್ಲಿ ಟ್ರೈಲರ್ ಕುಣಿದು ಬೆಲ್ಟ್ ಒಂದು ಕ್ಷಣ ಸಡಿಲಾದರೂ ಕಳಚಿ ಬೀಳುತ್ತದೆ. ಸ್ಪ್ರಿಂಗ್ ಮುಚ್ಚಳ ಇರುವುದನ್ನೇ ತನ್ನಿ. ಕೊಕ್ಕೆಯನ್ನು ಮಡ್‌ಗಾರ್ಡಿಗೋ ಲೈಟಿನ ಪಟ್ಟಿಗೋ ಸಿಕ್ಕಿಸಬೇಡಿ, ಚೌಕಟ್ಟಿಗೇ ಬೀಳಬೇಕು. ಕೊಂಡಿ ಇಲ್ಲದಿದ್ದರೆ ಗ್ಯಾರೇಜಿನವರು 12 ಎಂ.ಎಂ. ಸರಳು ಬಗ್ಗಿಸಿ ವೆಲ್ಡ್ ಮಾಡಿಕೊಡುತ್ತಾರೆ. ಚೌಕಟ್ಟಿಗೆ ಸತು ಲೇಪಿಸಿದ್ದರೆ ವೆಲ್ಡ್ ಬೇಡ: ಲೇಪ ಸುಟ್ಟು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ, ಹೊಗೆಯೂ ಕೆಟ್ಟದು. ಪಟ್ಟಿಯನ್ನು ಸುತ್ತಿ ಹಿಡಿಯುವ ಬೋಲ್ಟಿನ ಕೊಂಡಿ ಹಾಕಿಸಿ.

ರ‍್ಯಾಚೆಟ್ (ಬೆಲ್ಟನ್ನು ಹಿಡಿ ಆಡಿಸಿ ಬಿಗಿಯುವ ಹಲ್ಲುಚಕ್ರ) ಬಿಗಿಯುವಾಗ ಮೊದಲು ಬೆಲ್ಟಿನ ತುದಿಯನ್ನು ಉರುಳೆಯ ಸೀಳಿನಲ್ಲಿ ತೂರಿಸಿ, ಸಡಿಲವಾದದ್ದನ್ನೆಲ್ಲ ಕೈಯಿಂದಲೇ ಎಳೆದುಬಿಡಿ. ಆಮೇಲೆ ಹಿಡಿ ಆಡಿಸಿ. ಉರುಳೆಗೆ ಎರಡರಿಂದ ಮೂರು ಸುತ್ತು ಬಿದ್ದರೆ ಸರಿ. ಅದಕ್ಕಿಂತ ಕಡಿಮೆಯಾದರೆ ಜಾರಬಹುದು, ತುಂಬ ಹೆಚ್ಚಾದರೆ ಸಿಕ್ಕಿಕೊಂಡು ಬಿಚ್ಚುವಾಗ ಸುತ್ತಿಗೆ ಹುಡುಕಬೇಕಾಗುತ್ತದೆ. ಬೆಲ್ಟ್ ಚಿಕ್ಕದಾಯಿತೆಂದು ಗಂಟು ಹಾಕಿ ಸೇರಿಸಬೇಡಿ, ಗಂಟು ಬಿದ್ದಲ್ಲಿ ಅದರ ಬಲ ಅರ್ಧಕ್ಕೆ ಇಳಿಯುತ್ತದೆ.

ಕಟ್ಟಿದ ಮೇಲೆ ದೋಣಿಯ ಅಂಚು ಹಿಡಿದು ಜೋರಾಗಿ ಅಲ್ಲಾಡಿಸಿ. ಟ್ರೈಲರಿನ ಸ್ಪ್ರಿಂಗ್ ಕುಣಿಯಬೇಕು, ದೋಣಿ ಮಾತ್ರ ಕುಣಿಯಬಾರದು. ಹೊರಟು ಹತ್ತು ಹದಿನೈದು ಕಿ.ಮೀ. ಆದ ಮೇಲೊಮ್ಮೆ, ಘಾಟಿಗೆ ಮುಂಚೆ ಇನ್ನೊಮ್ಮೆ ಇಳಿದು ಮುಟ್ಟಿ ನೋಡಿ. ನಿಮ್ಮ ದಾರಿಗೆ ನಿಟ್ಟೂರಿನಲ್ಲಿ ಒಮ್ಮೆ ನಿಲ್ಲಿಸಿದರೆ ಚಹಾವೂ ಆಯಿತು.

ನೀವು ಕೇಳದಿದ್ದರೂ ಒಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಮೋಟಾರು ವಾಹನ’ ಎಂದರೆ ಟ್ರೈಲರ್ ಕೂಡ ಸೇರುತ್ತದೆ. ಗ್ಯಾರೇಜಿನಲ್ಲಿ ಮಾಡಿಸಿದ್ದರ ನೋಂದಣಿ ಬಗ್ಗೆ ಆರ್‌ಟಿಒದಲ್ಲಿ ವಿಚಾರಿಸಿಯೇ ಮತ್ತೆ ರಸ್ತೆಗಿಳಿಸಿ.

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಹೆದ್ದಾರಿಯಲ್ಲಿ ವೇಗ ಹೆಚ್ಚಾದಂತೆ ದೋಣಿಯ ಅಡ್ಡ ಬೆಲ್ಟ್ ಗುಂಯ್ಯೆಂದು ಕಿವಿ ತೂತು ಮಾಡುತ್ತದೆ. ಇನ್ನೂ ಬಿಗಿಯಲೇ?

ಉತ್ತರ: ಬೇಡ. ಚಪ್ಪಟೆ ಬೆಲ್ಟಿನ ಮೇಲೆ ಗಾಳಿ ಹಾದು ಅದು ಪೀಪಿಯ ನಾಲಿಗೆಯಂತೆ ನಡುಗುತ್ತದೆ, ಬಿಗಿದಷ್ಟೂ ಸ್ವರ ಏರುತ್ತದೆ ಅಷ್ಟೇ. ಕೊಕ್ಕೆ ಹಾಕುವ ಮುಂಚೆ ಬೆಲ್ಟಿಗೆ ಒಂದೆರಡು ತಿರುವು ಕೊಡಿ. ತಿರುವು ಗಾಳಿಗೆ ಬಿದ್ದಿರುವ ಉದ್ದದಲ್ಲಿ ಇರಲಿ, ದೋಣಿಯ ಅಂಚಿನ ಮೇಲೂ ರ‍್ಯಾಚೆಟ್ ಒಳಗೂ ಬೆಲ್ಟ್ ಚಪ್ಪಟೆಯಾಗಿಯೇ ಕೂರಬೇಕು. ಉಳಿದ ತುದಿಯನ್ನು ಸುರುಳಿ ಸುತ್ತಿ ಕಟ್ಟಿಡಿ. ಗಾಳಿಗೆ ಬಿಚ್ಚಿಕೊಂಡ ತುದಿ ಟ್ರೈಲರಿನ ಚಕ್ರಕ್ಕೆ ಸಿಕ್ಕಿದರೆ ರ‍್ಯಾಚೆಟ್ಟನ್ನೇ ಕಿತ್ತುಕೊಂಡು ಹೋಗುತ್ತದೆ.