ಗುಹೆಯ ಬಂಡೆಚಿತ್ರಗಳಿಗೆ ಒಂದು ಒಳ್ಳೆಯ ಫೋಟೊ ಸಾಲದೇ? ತ್ರೀಡಿ ದಾಖಲೆ ಯಾಕೆ?

ಸಾಲದು. ಬಂಡೆ ಕಾಗದದ ಹಾಗೆ ಸಪಾಟಾಗಿರುವುದಿಲ್ಲ ಅಲ್ವಾ? ಸ್ಪೇನಿನ ಅಲ್ತಮಿರಾ ಗುಹೆಯ ಚಾವಣಿಯಲ್ಲಿ ಚಿತ್ರ ಬರೆದವರು ಕಲ್ಲಿನ ಉಬ್ಬುಗಳನ್ನೇ ಕಾಡುಕೋಣದಂಥ ಬೈಸನ್‌ಗಳ ಮೈಯಾಗಿ ಬಳಸಿಕೊಂಡಿದ್ದಾರೆ. ಸುಮ್ನೆ ಎದುರಿಂದ ಒಂದು ಫೋಟೊ ತೆಗೆದರೆ ಆ ಉಬ್ಬು ಕಾಣಿಸುವುದಿಲ್ಲ.

ಅದಕ್ಕೇ ಫೋಟೊಗ್ರಾಮೆಟ್ರಿ. ಒಂದೊಂದು ಹೆಜ್ಜೆ ಸರಿಯುತ್ತಾ ನೂರಾರು ಫೋಟೊ ತೆಗೆಯುತ್ತಾರೆ. ಪ್ರತಿ ಫೋಟೊದಲ್ಲೂ ಹಿಂದಿನದರ ಅರ್ಧಕ್ಕಿಂತ ಜಾಸ್ತಿ ಭಾಗ ಮತ್ತೆ ಬರಬೇಕು. ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣ ಸರಿಯಾಗಿ ಬಂದಿದೆಯೇ ಅಂತ ಹೋಲಿಸಿ ನೋಡಲು ಬಣ್ಣದ ಕಾರ್ಡು ಇರಬೇಕು. ಸಾಫ್ಟ್‌ವೇರ್ ಒಂದೇ ಬಿಂದುವನ್ನು ಹಲವು ಫೋಟೊಗಳಲ್ಲಿ ಗುರುತಿಸಿ ತ್ರೀಡಿ ಮಾದರಿ ಕಟ್ಟುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಡಿಸ್ಟ್ರೆಚ್. ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುವ ಸಾಫ್ಟ್‌ವೇರ್ ಇದು. ಬರಿಗಣ್ಣಿಗೆ ಮಾಸಿದ ಕೆಂಪು ಕಲೆ ಅಷ್ಟೇ ಕಂಡ ಕಡೆ ಐದೂ ಬೆರಳಿನ ಅಂಗೈ ಗುರುತು ಎದ್ದು ಬರಬಹುದು! ಆದರೆ ಆ ಬಣ್ಣಗಳು ಸುಳ್ಳು. ಮೂಲ ಫೈಲನ್ನು ಮುಟ್ಟದೆ ಇಟ್ಟಿರಬೇಕು. ಹಿಂದೆ ಬಣ್ಣ ಎದ್ದು ಕಾಣಲಿ ಅಂತ ಬಂಡೆಗೆ ನೀರು ಎರಚುತ್ತಿದ್ದರು, ಅದು ಚಿತ್ರಕ್ಕೇ ಕುತ್ತು.

ದಾಖಲೆ ಮಾಡಿದ ಮಾತ್ರಕ್ಕೆ ಚಿತ್ರ ಉಳಿಯುವುದಿಲ್ಲ. ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1963ರಲ್ಲಿ ಪ್ರವಾಸಿಗರಿಗೆ ಮುಚ್ಚಿದರು, ಜನರ ಉಸಿರಿನಿಂದಲೇ ಗೋಡೆ ಕೆಡುತ್ತಿತ್ತು. ಆದರೆ ದಾಖಲೆ ಇದ್ದರೆ, ಕೆಲವು ವರ್ಷ ಬಿಟ್ಟು ಅದೇ ಬಂಡೆಯನ್ನು ಮತ್ತೆ ಸ್ಕ್ಯಾನ್ ಮಾಡಿ ಹಳೆಯದರ ಜೊತೆ ಹೋಲಿಸಿದರೆ, ಎಲ್ಲಿ ಚಕ್ಕೆ ಎದ್ದಿದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಾಗುತ್ತದೆ.