ಎಲ್ಲಾ ಗೊತ್ತಿರುವ ದೇವರಿಗೆ ಅರ್ಜಿ ಯಾಕೆ?

ಓದುಗರಿಂದ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಈ ಸಲ ಜಾಗದ ಬಹುಪಾಲು ಅದಕ್ಕೇ. ಕರ್ಮ ಎಂದರೇನು, ಮತತ್ರಯ (ಶಂಕರರ ಅದ್ವೈತ, ರಾಮಾನುಜರ ವಿಶಿಷ್ಟಾದ್ವೈತ, ಮಧ್ವರ ದ್ವೈತ) ಏನು ಎಂಬುದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ಪ್ರಶ್ನೆ ಹೀಗಿದೆ:

ದೇವರು ಸರ್ವಜ್ಞ. ನನ್ನ ಮಗನ ಕಾಯಿಲೆ ವಾಸಿಯಾಗುತ್ತದೋ ಇಲ್ಲವೋ ಅವನಿಗೆ ಮೊದಲೇ ಗೊತ್ತು. ಗೊತ್ತಿದ್ದದ್ದೇ ಆಗುವುದಾದರೆ ಪ್ರಾರ್ಥನೆ ದಂಡ. ಪ್ರಾರ್ಥನೆಯಿಂದ ಬದಲಾಗುವುದಾದರೆ ಅವನಿಗೆ ಗೊತ್ತಿದ್ದದ್ದು ತಪ್ಪು. ಯಾವುದು ಸರಿ?

ಎರಡೂ ಅಲ್ಲ. ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪಕ್ಕೆ ಒಮ್ಮೆಯಾದರೂ ಕಿವಿಗೊಟ್ಟಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಶಂಕರರ ಪರಂಪರೆಯ ಸ್ಮಾರ್ತರು ಹೇಳುವುದು ‘ಮಮೋಪಾತ್ತ ಸಮಸ್ತ ದುರಿತಕ್ಷಯದ್ವಾರಾ ಶ್ರೀಪರಮೇಶ್ವರಪ್ರೀತ್ಯರ್ಥಂ’ ಎಂದು. ‘ದ್ವಾರಾ’ ಎಂಬ ಪದದ ಮೇಲೆ ಬೆರಳಿಡಿ. ನಾನು ಕೂಡಿಹಾಕಿಕೊಂಡ ದುರಿತ, ಅಂದರೆ ಪಾಪ, ಸವೆಯಬೇಕು, ಆ ಮೂಲಕ. ಕೆಲಸ ನಡೆಯಬೇಕಾದದ್ದು ‘ಮಮ’ ಎಂದವನ ಕಡೆ. ಪರಮೇಶ್ವರ ತನ್ನ ತೀರ್ಮಾನವನ್ನು ತಿದ್ದಿಕೊಳ್ಳಲಿ ಎಂಬ ಮಾತು ಅಲ್ಲೆಲ್ಲೂ ಇಲ್ಲ. ಮಾಧ್ವರ ಸಂಕಲ್ಪ ಇನ್ನೂ ಖಡಕ್ಕು: ‘ಶ್ರೀವಿಷ್ಣುಪ್ರೇರಣಯಾ ಶ್ರೀವಿಷ್ಣುಪ್ರೀತ್ಯರ್ಥಂ’. ಬೇಡಿಕೊಳ್ಳುವ ಬುದ್ಧಿ ಹುಟ್ಟಿದ್ದೇ ಅವನ ಪ್ರೇರಣೆಯಿಂದ ಎಂದ ಮೇಲೆ ಆ ಬೇಡಿಕೆ ಅವನಿಗೆ ಹೊಸ ಸುದ್ದಿಯಾಗುವುದು ಹೇಗೆ?

‘ಪ್ರೀತ್ಯರ್ಥಂ’ ಎಂದರೆ ಇಲ್ಲದ ಪ್ರೀತಿಯನ್ನು ಹುಟ್ಟಿಸುವುದು, ಅದು ಬದಲಾವಣೆ ತಾನೇ, ಎಂದು ಜಾಣರು ಹಿಡಿಯುತ್ತಾರೆ. ಗೀತೆಯ 9ನೇ ಅಧ್ಯಾಯದ 29ನೇ ಶ್ಲೋಕ ನೋಡಿ. ‘ಎಲ್ಲ ಜೀವಿಗಳಲ್ಲೂ ನಾನು ಸಮ, ನನಗೆ ದ್ವೇಷ್ಯನೂ ಇಲ್ಲ, ಪ್ರಿಯನೂ ಇಲ್ಲ’ ಎಂದ ಉಸಿರಿನಲ್ಲೇ ‘ಭಜಿಸುವವರು ನನ್ನಲ್ಲಿದ್ದಾರೆ, ನಾನು ಅವರಲ್ಲಿ’ ಎನ್ನುತ್ತಾನೆ ಕೃಷ್ಣ. ಶಂಕರರು ಅಲ್ಲಿ ಕೊಡುವ ಉಪಮೆ ಬೆಂಕಿಯದು. ದೂರ ನಿಂತವನ ಚಳಿಯನ್ನು ಬೆಂಕಿ ಬಿಡಿಸುವುದಿಲ್ಲ, ಹತ್ತಿರ ಬಂದವನದನ್ನು ಬಿಡಿಸುತ್ತದೆ. ಬೆಂಕಿ ಮನಸ್ಸು ಬದಲಿಸಲಿಲ್ಲ. ನೀವು ಜಾಗ ಬದಲಿಸಿದಿರಿ.

ಇನ್ನು ‘ಮೊದಲೇ ಗೊತ್ತು’ ಎಂಬ ತೊಡಕು. ಪಂಚಾಂಗದಲ್ಲಿ ಬರೆದಿದೆ ಎಂಬ ಕಾರಣಕ್ಕೆ ಗ್ರಹಣ ಹಿಡಿಯುವುದಿಲ್ಲ. ತಿಳಿಯುವುದು ಬೇರೆ, ಆಗಿಸುವುದು ಬೇರೆ. ದೇವರು ಪಂಚಾಂಗದ ಹಾಗೆ ಬರೀ ತಿಳಿದವನಲ್ಲ, ನಡೆಸುವವನೂ ಹೌದು, ಆದ್ದರಿಂದ ಈ ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಅವನ ಅರಿವನ್ನು ತುಂಡು ಮಾಡುತ್ತಾರೆ. ‘ಮಗ ಹುಷಾರಾಗುತ್ತಾನೆ’ ಎಂಬ ಚೂರನ್ನಷ್ಟೇ ಅದರಲ್ಲಿ ಇಟ್ಟು, ಡಾಕ್ಟರು ಮದ್ದು ಬರೆದದ್ದು, ಹುಡುಗ ಅದನ್ನು ನುಂಗಿದ್ದು, ನೀವು ದೇವರ ಮುಂದೆ ಕೂತದ್ದು ಎಲ್ಲವನ್ನೂ ಹೊರಗೆ ಬಿಡುತ್ತಾರೆ. ಸರ್ವಜ್ಞ ಎಂದ ಮೇಲೆ ಅದೂ ಒಳಗೇ. ಅವನು ತಿಳಿದಿರುವುದು ಪ್ರಾರ್ಥನೆಯೂ ಸೇರಿದ ಘಟನೆಯನ್ನು, ಪ್ರಾರ್ಥನೆ ಕಳೆದ ಘಟನೆಯನ್ನಲ್ಲ. ನಿಮ್ಮ ವಾದ ನಿಜವಾದರೆ, ಇವತ್ತು ನಿಮ್ಮ ಹಸಿವು ತೀರುತ್ತದೋ ಇಲ್ಲವೋ ಅದೂ ಅವನಿಗೆ ಗೊತ್ತು. ಎಲೆ ಮುಂದೆ ಯಾಕೆ ಕೂರುತ್ತೀರಿ? ಜೀವನ್ಮುಕ್ತಿವಿವೇಕದಲ್ಲಿ ವಿದ್ಯಾರಣ್ಯರು ಕೇಳಿದ್ದೂ ಇದೇ ಧಾಟಿಯಲ್ಲಿ: ಪ್ರಾರಬ್ಧವೇ (ಫಲ ಕೊಡತೊಡಗಿರುವ ಹಿಂದಿನ ಕರ್ಮವೇ) ಎಲ್ಲ ಎಂದಾದರೆ ಆಯುರ್ವೇದದಿಂದ ಮೋಕ್ಷಶಾಸ್ತ್ರದವರೆಗೆ ಯಾವ ಶಾಸ್ತ್ರವೂ ಹುಟ್ಟಬಾರದಿತ್ತಲ್ಲ?

ಆದರೂ ಒಂದು ಮುಳ್ಳು ಉಳಿಯುತ್ತದೆ. ಪ್ರಾರ್ಥನೆಯೂ ಅವನ ಅರಿವಿನೊಳಗೇ ಇದ್ದರೆ, ಪ್ರಾರ್ಥಿಸಿದ್ದು ನಾನೋ, ಅವನು ಮಾಡಿಸಿದ್ದೋ? ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ 2ನೇ ಅಧ್ಯಾಯದ 3ನೇ ಪಾದದಲ್ಲಿ ಇದಕ್ಕೆಂದೇ ಒಂದು ಸೂತ್ರವಿದೆ: ‘ಕೃತಪ್ರಯತ್ನಾಪೇಕ್ಷಸ್ತು’. ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡೇ ಈಶ್ವರ ನಡೆಸುತ್ತಾನೆ. ಇಲ್ಲದಿದ್ದರೆ ಮಾಡು, ಬೇಡ ಎನ್ನುವ ವಿಧಿನಿಷೇಧಗಳು ವ್ಯರ್ಥ. ರಾಮಾನುಜರು ಇಲ್ಲಿ ಹೇಳುವುದು ನನಗೆ ಹೆಚ್ಚು ಒಪ್ಪಿಗೆ: ಮೊದಲ ಹೆಜ್ಜೆ ಜೀವಾತ್ಮನದು, ಅದಕ್ಕೆ ಅನುಮತಿ ಕೊಟ್ಟು ಮುಂದಕ್ಕೆ ನಡೆಸುವುದು ಒಳಗಿರುವ ಈಶ್ವರನಾದ ಅಂತರ್ಯಾಮಿಯದು. ಮಧ್ವಮತದಲ್ಲಿ ಮಾತು ಜೀವಾತ್ಮನ ಅನಾದಿ (ಮೊದಲಿಲ್ಲದ) ಸ್ವಭಾವಕ್ಕೆ ಹೋಗಿ ನಿಲ್ಲುತ್ತದೆ. ‘ಅನಾದಿ’ ಎಂದರೆ ಪ್ರಶ್ನೆ ನಿಲ್ಲುತ್ತದೆ ನಿಜ, ತೀರುತ್ತದೆಯೇ ಎಂಬುದು ಬೇರೆ. ಉಡುಪಿಯ ಕಡೆಯವರು ಜಗಳಕ್ಕೆ ಬರಲಿ, ಬೇಡವೆನ್ನುವುದಿಲ್ಲ.

ಹಾಗಾದರೆ ಎಷ್ಟು ಬೇಡಿದರೂ ಕೆಲವು ಸಲ ಆಗುವುದಿಲ್ಲವಲ್ಲ? ಬಿಟ್ಟ ಬಾಣ ವೇಗ ಇಳಿಯುವ ತನಕ ಹೋಗಿಯೇ ತೀರುತ್ತದೆ. ಪ್ರಾರಬ್ಧಕ್ಕೆ ಅದ್ವೈತಿಗಳು ಕೊಡುವ ಈ ಉಪಮೆಯಲ್ಲಿ ಜ್ಞಾನಿಗೂ ರಿಯಾಯಿತಿ ಇಲ್ಲ. ‘ಮಂತ್ರ ತಪ್ಪಿತ್ತು, ಇನ್ನೊಮ್ಮೆ ಮಾಡಿಸಿ’ ಎನ್ನುವವರ ಮಾತಿಗೆ ಮಾತ್ರ ಮರುಳಾಗಬೇಡಿ. ಕರ್ಮ, ಕರ್ತೃ, ಸಾಧನ ಇವುಗಳಲ್ಲಿ ದೋಷವಿದ್ದರೆ ಫಲ ತಪ್ಪುತ್ತದೆ ಎಂದು ತರ್ಕಶಾಸ್ತ್ರದ ನ್ಯಾಯಸೂತ್ರ ಹೇಳಿದ್ದು ಪುತ್ರಕಾಮೇಷ್ಟಿಯಂಥ ವಿಧಿಗಳ ಬಗ್ಗೆ. ಅದು ಯಜ್ಞದ ಲೆಕ್ಕ. ತಾಯಿಯೊಬ್ಬಳು ಅಳುತ್ತಾ ಬೇಡಿಕೊಂಡಿದ್ದರಲ್ಲಿ ಸ್ವರ ತಪ್ಪಿತು ಎನ್ನುವವನಿಗೆ ಬೇಕಾದದ್ದು ಎರಡನೇ ದಕ್ಷಿಣೆ.

ಮಾಡಬೇಕಾದದ್ದು ಇಷ್ಟು. ಮೊದಲು ಆಸ್ಪತ್ರೆ. ಆಮೇಲೆ ಸಂಕಲ್ಪ, ಸಂಸ್ಕೃತ ಬಾರದಿದ್ದರೆ ಕನ್ನಡದಲ್ಲೇ ಹೇಳಿ. ಬೇಕಾದದ್ದನ್ನು ಹೆಸರಿಟ್ಟು ಕೇಳಿ: ಮಗನ ಜ್ವರ ಇಳಿಯಲಿ. ಸುತ್ತಿ ಬಳಸಬೇಡಿ, ಕೇಳುವುದಕ್ಕೆ ನಾಚಬೇಡಿ. ಗೀತೆ 7ನೇ ಅಧ್ಯಾಯದಲ್ಲಿ ಕಷ್ಟದಲ್ಲಿ ಕೂಗುವ ಆರ್ತ, ಸಂಪತ್ತು ಬೇಡುವ ಅರ್ಥಾರ್ಥಿ ಇಬ್ಬರನ್ನೂ ಜ್ಞಾನಿಯ ಸಾಲಿನಲ್ಲೇ ಕೂರಿಸಿ ‘ಎಲ್ಲರೂ ಉದಾರರೇ’, ಅಂದರೆ ಶ್ರೇಷ್ಠರೇ, ಎಂದಿದೆ. ಗಡುವು ಹಾಕಬೇಡಿ. ‘ಇದು ಮಾಡಿಕೊಟ್ಟರೆ ಅದು ಕೊಡುತ್ತೇನೆ’ ಎಂಬ ವ್ಯಾಪಾರ ಬೇಡ. ಕೊನೆಗೆ ‘ಕೃಷ್ಣಾರ್ಪಣಮಸ್ತು’ ಎಂದು ನೀರು ಬಿಟ್ಟ ಮೇಲೆ ಫಲವನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಡಿ. ಜಪಕ್ಕೆ ಕೂತು ರಾತ್ರಿಯ ಮಾತ್ರೆ ಮರೆಯಬೇಡಿ.

ಇನ್ನು ಉಳಿದ ಪ್ರಶ್ನೆಗಳು.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತಾರಲ್ಲ, ಹಾಗಾಗಿ ಕೇಳಲೇಬೇಕಲ್ಲವೇ?

ತಾಯಿಗೆ ಹಸಿವು ತಿಳಿಯುವುದು ಅಳುವಿನಿಂದ. ದೇವರಿಗೂ ಹಾಗೇ ಎಂದರೆ ಸರ್ವಜ್ಞತ್ವ ಹೋಯಿತು. ಗಾದೆಯನ್ನು ಸರಕಾರಿ ಕಚೇರಿಗೆ ಇಟ್ಟುಕೊಳ್ಳಿ.

ಸಾವಿತ್ರಿಯ ಮಾತಿಗೆ ಯಮ ಮನಸ್ಸು ಬದಲಿಸಲಿಲ್ಲವೇ?

ಯಮ ತಾನೇ ಕೊಟ್ಟ ವರದ ಮಾತಿಗೆ ಸಿಕ್ಕಿಬಿದ್ದ. ಮೇಲಾಗಿ ಆ ಕಥೆಯಲ್ಲಿ ಅವನು ಸರ್ವಜ್ಞನೇನಲ್ಲ.

ಬೈಬಲ್‌ನ 1 ಸಮುವೇಲ 15ರಲ್ಲಿ, 11ನೇ ವಚನದಲ್ಲಿ ದೇವರು ಪಶ್ಚಾತ್ತಾಪಪಡುತ್ತಾನೆ, 29ರಲ್ಲಿ ಪಶ್ಚಾತ್ತಾಪಪಡುವವನಲ್ಲ ಎಂದಿದೆ. ಏನಿದು?

ಈ ತಿಂಗಳ ಒಳ್ಳೆಯ ಪ್ರಶ್ನೆ. 11ನೆಯದು ಮನುಷ್ಯರ ಭಾಷೆಯಲ್ಲಿ ಆಡಿದ ಮಾತು ಎಂಬುದು ಹಳೆಯ ಸಮಾಧಾನ. ಕೆಡವುತ್ತೇನೆಂದು ಹೇಳಿ ದೇವರು ಉಳಿಸಿದ ನಿನೆವೆ ಪಟ್ಟಣದಂಥ ಕಡೆಗಳಿಗೆ ಕೀಲಿಕೈ ಯೆರೆಮೀಯ 18ರಲ್ಲಿದೆ: ಕೆಡವುತ್ತೇನೆ ಎಂದ ಜನ ತಿರುಗಿಕೊಂಡರೆ ಕೆಡವುವುದಿಲ್ಲ ಎಂಬ ಷರತ್ತನ್ನು ಮೊದಲೇ ಹೇಳಿದೆ. 13ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಹೇಳಿದ್ದು, ಪ್ರಾರ್ಥನೆ ದೇವರ ತೀರ್ಮಾನ ಬದಲಿಸುವುದಕ್ಕಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ಅವನು ನಿಶ್ಚಯಿಸಿದ್ದನ್ನು ಪಡೆಯುವುದಕ್ಕೆ ಎಂದು. ಇದನ್ನೊಪ್ಪದೆ, ಭವಿಷ್ಯ ಇನ್ನೂ ತೆರೆದಿದೆ, ದೇವರು ನಿಜವಾಗಿ ಪ್ರತಿಕ್ರಿಯಿಸುತ್ತಾನೆ ಎನ್ನುವ ಕ್ರೈಸ್ತ ಚಿಂತಕರೂ ಈಗ ಇದ್ದಾರೆ.

ಸಂದೇಶವನ್ನು 11 ಜನರಿಗೆ ಕಳಿಸದಿದ್ದರೆ ಕೆಡುಕಾಗುತ್ತದಂತೆ.

ಅಳಿಸಿ.

48 ದಿನದಲ್ಲಿ ಹಣೆಬರಹ ಬದಲಿಸುವ ಹೋಮಕ್ಕೆ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಬೇಡ. ಕೊಟ್ಟಾಗಿದ್ದರೆ ರಸೀದಿ ಕೇಳಿ; 49ನೇ ದಿನ ಬೇಕಾಗುತ್ತದೆ.